ಧಾರೆ ತೋಟದ ಮನೆಯಲ್ಲಿ, ಆರತಕ್ಷತೆ ಹಡಗಿನಲ್ಲಿ

ತಂಗಿಯ ಮದುವೆ ಹಡಗಿನಲ್ಲಂತೆ ಅಂತ ಶರಾವತಿ ಹಿನ್ನೀರಿನಾಚೆಯ ನಮ್ಮ ತುಮರಿ, ಬ್ಯಾಕೋಡಿನಿಂದ ಹಿಡಿದು ಸಾಗರ ಪೇಟೆಯವರೆಗೂ ಸುದ್ದಿ ಹೋಗಿದೆ. ನಾನಿರುವ ಸಿಂಗಪುರಕ್ಕೆ ಫೋನ್ ಮಾಡುವ ನೆಂಟರೆಲ್ಲ ಅದನ್ನೇ ಕೇಳುತ್ತಾರೆ. ಹೋಮ ಎಲ್ಲಿ ಮಾಡ್ತೀರಿ? ಅಮ್ಮಮ್ಮನನ್ನು ಹೇಗೆ ಕರ್ಕೊಂಡು ಹೋಗ್ತೀರಿ? ಊಟಕ್ಕೆ ಎಂತ? ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಇಲ್ಲೇ ಬರೆಯುತ್ತೇನೆ. ಹೊರದೇಶದಲ್ಲಿರುವ ಮಕ್ಕಳು ಇಂಥದ್ದೇ ಆಸೆ ಹೇಳುತ್ತಿರುವ ಮನೆಗಳು ನಮ್ಮ ಕಡೆ ಇನ್ನೂ ಇವೆ. ಅವರಿಗೂ ಉಪಯೋಗ ಆಗಲಿ.

ಧಾರೆ ಹಡಗಿನಲ್ಲಿ ಅಲ್ಲ. ಅದು ಏಪ್ರಿಲ್ ಕೊನೆಯಲ್ಲಿ ನಮ್ಮ ಮನೆ ಅಂಗಳದಲ್ಲೇ ನಡೆಯುತ್ತದೆ. ಅಡಿಕೆ ಮರದ ಕಂಬ ನಿಲ್ಲಿಸಿ, ಸೋಗೆ ಹೊದೆಸಿದ ಚಪ್ಪರದ ಕೆಳಗೆ. ಅದಾದ ಮೇಲೆ ಮನೆಯವರು, ಹತ್ತಿರದ ನೆಂಟರು, ಇಬ್ಬರ ಸ್ನೇಹಿತರು ಸಿಂಗಪುರದಲ್ಲಿ ಸೇರಿ ಮೂರು ರಾತ್ರಿಯ ಹಡಗು ಹತ್ತುತ್ತೇವೆ. ಆರತಕ್ಷತೆ ಅಲ್ಲಿ.

ತಂಗಿ ಮೆಲ್ಬರ್ನ್‌ನಲ್ಲಿದ್ದಾಳೆ. ಹುಡುಗನ ಕೆಲಸ ಸಿಂಗಪುರದಲ್ಲಿ. ಸ್ನೇಹಿತರು ಆಸ್ಟ್ರೇಲಿಯಾ, ಬೆಂಗಳೂರು, ಲಂಡನ್ ಅಂತ ಹರಡಿಹೋಗಿದ್ದಾರೆ. ಅವರಲ್ಲಿ ಜಾಸ್ತಿ ಜನರಿಗೆ ನಮ್ಮೂರಿನವರೆಗೆ ಬರುವಷ್ಟು ರಜೆ ಇಲ್ಲ. ಸಿಂಗಪುರ ಎಲ್ಲರಿಗೂ ನಡುವೆ ಬರುತ್ತದೆ, ಬೆಂಗಳೂರಿನಿಂದ ಸುಮಾರು ನಾಲ್ಕೂವರೆ ಗಂಟೆಯ ವಿಮಾನ. ಹಾಗಂತ ಅಷ್ಟೂ ಜನರನ್ನು ಅಲ್ಲಿ ಹೋಟೆಲ್‌ನಲ್ಲಿ ಇಳಿಸಿ, ದಿನವೂ ಬಸ್ಸು ಮಾಡಿ, ಮೂರು ಹೊತ್ತು ಊಟ ಹುಡುಕುವುದು ಸುಲಭ ಅಲ್ಲ. ಹಡಗಿನಲ್ಲಿ ಕೋಣೆ, ಊಟ, ಸಭಾಂಗಣ ಎಲ್ಲ ಒಂದೇ ಕಡೆ ಸಿಗುತ್ತದೆ. ಮಂಡಿ ನೋವಿನವರು ಲಿಫ್ಟ್ ಹತ್ತಿದರೆ ಸಾಕು. ತಂಗಿಯ ಆಸೆಯನ್ನು ನಾನು ಒಪ್ಪಿದ್ದು ಮುಖ್ಯವಾಗಿ ಈ ಕಾರಣಕ್ಕೆ.

ಮೊದಲು ಅವಳಿಗೆ ಧಾರೆಯನ್ನೂ ಹಡಗಿನಲ್ಲೇ ಮಾಡುವ ಮನಸ್ಸಿತ್ತು. ಅದನ್ನು ಬದಲಿಸಿದ್ದು ಬೆಂಕಿಯ ನಿಯಮ. ಪ್ರವಾಸಿ ಹಡಗುಗಳಲ್ಲಿ ಪ್ರಯಾಣಿಕರು ದೀಪ, ಊದಿನಕಡ್ಡಿ, ಮೇಣದಬತ್ತಿ ಏನನ್ನೂ ಹಚ್ಚುವಂತಿಲ್ಲ. ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆ ಕೂಡ ಇಡಲು ಬಿಡುವುದಿಲ್ಲ. ನಡುಸಮುದ್ರದಲ್ಲಿ ಬೆಂಕಿ ಬಿದ್ದರೆ ಓಡಿಹೋಗಲು ಜಾಗ ಎಲ್ಲಿದೆ? 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಹಡಗಿನ ಸುರಕ್ಷತೆಗೆ ಅಂತಲೇ ದೇಶಗಳು ಸೇರಿ 1914ರಲ್ಲಿ ಒಪ್ಪಂದ ಮಾಡಿಕೊಂಡವು. ಅದು ಬೆಳೆಯುತ್ತಾ ಬಂದು ಇವತ್ತು ಬೆಂಕಿಯ ವಿಷಯದಲ್ಲಿ ತುಂಬ ಬಿಗಿಯಾಗಿದೆ. ಹಾಗಾಗಿ ಲಾಜಾಹೋಮವೂ ಇಲ್ಲ, ಅಗ್ನಿಯ ಸುತ್ತ ಸಪ್ತಪದಿಯೂ ಇಲ್ಲ. ಬ್ಯಾಟರಿ ದೀಪ ಇಟ್ಟುಕೊಂಡು ಸುತ್ತುವವರೂ ಇದ್ದಾರಂತೆ. ನನಗೆ ಅದು ಒಪ್ಪಿಗೆ ಆಗಲಿಲ್ಲ, ತಂಗಿಗೂ ಆಗಲಿಲ್ಲ.

ನಮ್ಮ ಭಟ್ಟರು ಇನ್ನೊಂದು ಕಷ್ಟ ಹೇಳಿದರು. ಸಂಕಲ್ಪದಲ್ಲಿ ದೇಶ, ಕಾಲ ಎರಡನ್ನೂ ಹೇಳಬೇಕು. ಮುಹೂರ್ತ ಇಡುವುದು ಆ ಜಾಗದ ಸೂರ್ಯೋದಯ ನೋಡಿ. "ಹಡಗು ಓಡ್ತಾ ಇರ್ತದೆ, ನಾನು ಯಾವ ತೀರ ಅಂತ ಹೇಳಲಿ ಮಾರಾಯ್ತಿ?" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಕಾನೂನಿನ ಮಾತೂ ಇದೆ. ಕ್ಯಾಪ್ಟನ್ ಮದುವೆ ಮಾಡಿಸಿದರೆ ಆಯ್ತು ಅಂತ ತುಂಬ ಜನ ತಿಳಿದಿದ್ದಾರೆ. ಎಲ್ಲ ಕ್ಯಾಪ್ಟನ್‌ಗೂ ಆ ಅಧಿಕಾರ ಇರುವುದಿಲ್ಲ. ಹಡಗು ಯಾವ ದೇಶದಲ್ಲಿ ನೋಂದಣಿ ಆಗಿದೆ ಅನ್ನುವುದರ ಮೇಲೆ ಅದು ನಿಂತಿದೆ. ಬರ್ಮುಡಾದಂಥ ಕೆಲವು ಕಡೆಯ ಕಾನೂನು ಅವಕಾಶ ಕೊಡುತ್ತದೆ, ಬ್ರಿಟನ್ನಿನದು ಕೊಡುವುದಿಲ್ಲ. 2011ರಲ್ಲಿ ಕ್ಯುನಾರ್ಡ್ ಕಂಪನಿ ತನ್ನ ಹಡಗುಗಳ ನೋಂದಣಿಯನ್ನು ಬ್ರಿಟನ್ನಿನಿಂದ ಬರ್ಮುಡಾಕ್ಕೆ ಬದಲಿಸಿತು. ಅದಾದ ಮೇಲೆ 2012ರಿಂದ ಅವರ ಕ್ಯಾಪ್ಟನ್‌ಗಳು ನಡುಸಮುದ್ರದಲ್ಲಿ ಮದುವೆ ಮಾಡಿಸಲು ಶುರು ಮಾಡಿದರು. ನಮಗೆ ಬೇಕಾಗಿರುವುದು ಹಿಂದೂ ವಿವಾಹ ಕಾಯ್ದೆಯ ಮದುವೆ. 2024ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಸ್ಪಷ್ಟವಾಗಿ ಹೇಳಿದೆ: ಶಾಸ್ತ್ರ ನಡೆಯದೆ ಬರೀ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಆ ಕಾಯ್ದೆಯ ಪ್ರಕಾರ ಅದು ಮದುವೆ ಆಗುವುದಿಲ್ಲ. ಹೀಗಾಗಿ ಧಾರೆ ಊರಲ್ಲಿ, ನೋಂದಣಿ ಸಾಗರ ಪೇಟೆಯಲ್ಲಿ. ತಂಗಿ ಗಂಡನ ಜೊತೆ ಸಿಂಗಪುರದಲ್ಲಿ ಉಳಿಯುವ ವೀಸಾಕ್ಕೂ ಆ ಕಾಗದವೇ ಬೇಕು.

ಏಪ್ರಿಲ್ ಯಾಕೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಚಳಿಗಾಲ ಪೂರ್ತಿ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಜೂನ್ ಬಂತು ಅಂದರೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿ. ನಡುವೆ ಸಿಗುವುದು ಬೇಸಿಗೆ ಮಾತ್ರ. ಸಮುದ್ರಕ್ಕೂ ಅದೇ ಒಳ್ಳೆ ಕಾಲ. ನಮ್ಮ ಹಡಗು ಸಿಂಗಪುರದಿಂದ ಪಿನಾಂಗ್‌ಗೆ ಹೋಗಿ ವಾಪಸ್ ಬರುತ್ತದೆ, ದಾರಿಯೆಲ್ಲ ಮಲಕ್ಕಾ ಜಲಸಂಧಿ. ಎರಡೂ ಕಡೆ ನೆಲ ಇರುವುದರಿಂದ ಅಲ್ಲಿ ತೆರೆ ಕಡಿಮೆ. ಏಪ್ರಿಲ್ ಎರಡು ಮಾನ್ಸೂನ್‌ಗಳ ನಡುವಿನ ತಿಂಗಳು, ಗಾಳಿಯೂ ಜೋರಿರುವುದಿಲ್ಲ. ಆದರೂ ಆಗುಂಬೆ ಘಾಟಿಯಲ್ಲಿ ವಾಂತಿಗೆ ಅವೊಮಿನ್ ಮಾತ್ರೆ ನುಂಗುವವರು ಇಲ್ಲೂ ಜೊತೆಗಿಟ್ಟುಕೊಳ್ಳಿ. ವಯಸ್ಸಾದವರಿಗೆಲ್ಲ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೋಣೆ ಹಿಡಿದಿದ್ದೇನೆ. ಓಲಾಟ ಅಲ್ಲಿ ಎಲ್ಲಕ್ಕಿಂತ ಕಡಿಮೆ.

ಅಮ್ಮಮ್ಮ ಹೆದರುತ್ತಾರೆ ಅಂದುಕೊಂಡಿದ್ದೆವು. "ನನ್ನ ಮದುವೆ ದಿಬ್ಬಣ ಲಾಂಚ್ ಮೇಲೇ ಬಂದಿದ್ದು, ನನಗೆಂತ ಹೆದರಿಕೆ?" ಅಂದುಬಿಟ್ಟರು. ಹೊರಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತ ಮೇಲೆ ನಮ್ಮ ಸೀಮೆ ದ್ವೀಪದ ಹಾಗಾಯಿತು. ಸಾಗರ ಪೇಟೆಗೆ ಹೋಗಬೇಕಾದರೆ ಹೊಳೆಬಾಗಿಲಲ್ಲಿ ಲಾಂಚ್ ಹತ್ತಬೇಕಿತ್ತು. ದಿಬ್ಬಣದ ಬಸ್ಸು, ಹೆರಿಗೆಗೆ ಹೊರಟವರು, ಅಡಿಕೆ ಮೂಟೆ ಎಲ್ಲ ಅದರ ಮೇಲೇ. ರಾತ್ರಿ ಲಾಂಚ್ ಇರಲಿಲ್ಲ. ಮದುವೆ ಊಟ ಮುಗಿಯಿತೋ ಇಲ್ಲವೋ, "ಕೊನೆ ಲಾಂಚ್ ತಪ್ಪಿಹೋಗ್ತದೆ, ಏಳಿ ಏಳಿ" ಅಂತ ಯಾರಾದರೂ ಕೂಗುತ್ತಿದ್ದರು. ಎಷ್ಟೋ ಮದುಮಕ್ಕಳು ಹಣೆಯ ಬಾಸಿಂಗದಲ್ಲೇ ಹಿನ್ನೀರು ದಾಟಿದ್ದಾರೆ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಿತು. ನಮ್ಮ ಮನೆಯಲ್ಲಿ ಸೇತುವೆ ಮೇಲೆ ದಿಬ್ಬಣ ಬರುವ ಮೊದಲ ಮದುವೆ ಇದು. ಆ ಸೇತುವೆಗಾಗಿ ನಮ್ಮ ಜನ ಎಷ್ಟು ವರ್ಷ ಕಾದರು, ಎಷ್ಟು ಹೋರಾಡಿದರು ಅಂತ ನೆನೆದರೆ ಗಂಟಲು ಕಟ್ಟುತ್ತದೆ.

ಕಾಗದಪತ್ರಕ್ಕೆ ಬರೋಣ. ನಿಜವಾದ ಕೆಲಸ ಇರುವುದು ಇಲ್ಲಿ. ಹಡಗು ಹುಡುಕುವ ಮೊದಲು ಹಿರಿಯರ ಪಾಸ್‌ಪೋರ್ಟ್ ನೋಡಿ. ನಮ್ಮ ಹಿರಿಯರ ಹೆಸರು ಆಧಾರ್‌ನಲ್ಲಿ ಒಂಥರ, ವೋಟರ್ ಕಾರ್ಡ್‌ನಲ್ಲಿ ಇನ್ನೊಂಥರ. ಒಂದರಲ್ಲಿ ಊರಿನ ಹೆಸರು ಮುಂದಿದ್ದರೆ ಇನ್ನೊಂದರಲ್ಲಿ ಬರೀ ಇನಿಷಿಯಲ್. ಅದನ್ನು ಸರಿಮಾಡದೆ ಅರ್ಜಿ ಹಾಕಿದರೆ ಅಲೆದಾಟ ತಪ್ಪದು. ಹಡಗಿನ ಟಿಕೆಟ್, ವಿಮಾನದ ಟಿಕೆಟ್, ವೀಸಾ ಮೂರರಲ್ಲೂ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇರಬೇಕು. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು.

ಸಿಂಗಪುರಕ್ಕೆ ಭಾರತೀಯರಿಗೆ ವೀಸಾ ಬೇಕೇ ಬೇಕು. ಅಧಿಕೃತ ಏಜೆಂಟರ ಮೂಲಕ ಫಾರ್ಮ್ 14ಎ ಅನ್ನುವ ವೀಸಾ ಅರ್ಜಿ ತುಂಬಿ ಕೊಡಬೇಕು. ಒಂದು ಸೂಕ್ಷ್ಮ ಇದೆ. ಪಿನಾಂಗ್‌ನಿಂದ ವಾಪಸ್ ಬಂದು ಇಳಿಯುವಾಗ ಮತ್ತೊಮ್ಮೆ ಸಿಂಗಪುರ ಪ್ರವೇಶ ಮಾಡಿದ ಲೆಕ್ಕ. ಅದಕ್ಕೇ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಲು ಅವಕಾಶ ಇರುವ ವೀಸಾನೇ ಆಗಬೇಕು. ಕೈಗೆ ಬಂದ ಕೂಡಲೇ ಅದನ್ನು ಓದಿ ನೋಡಿ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನದವರೆಗೆ ವೀಸಾ ಇಲ್ಲದೆ ಬಿಡುತ್ತಿದೆ. ಈ ಸೌಲಭ್ಯಕ್ಕೆ ಗಡುವು ಇರುತ್ತದೆ, ಟಿಕೆಟ್‌ಗೆ ಹಣ ಕಟ್ಟುವ ಮೊದಲು ಖಚಿತ ಮಾಡಿಕೊಳ್ಳಿ. ಬೇರೆ ದೇಶ ಸೇರಿಸದೆ ಪಿನಾಂಗ್ ಒಂದನ್ನೇ ಆರಿಸಿದ್ದಕ್ಕೆ ಇದೂ ಕಾರಣ.

ಕವಳ (ಎಲೆ-ಅಡಿಕೆ) ಹಾಕುವ ದೊಡ್ಡಪ್ಪಂದಿರಿಗೆ ಕೈಮುಗಿದು ಹೇಳುತ್ತೇನೆ. ಹೊಗೆಸೊಪ್ಪು, ಗುಟ್ಕಾ ಸಿಂಗಪುರದಲ್ಲಿ ನಿಷೇಧ. ಒಂದು ಚೂರೂ ತರುವ ಹಾಗಿಲ್ಲ. ಸಂಚಿ ಮನೆಯಲ್ಲೇ ಬಿಟ್ಟು ಬನ್ನಿ. ಮೂಲೆಯಲ್ಲಿ ಉಳಿದ ಪುಡಿಗೂ ದಂಡ ಬೀಳಬಹುದು.

ಬಸುರಿಯರ ವಿಷಯ ಮೊದಲೇ ಕೇಳಿಕೊಳ್ಳುವುದು ಒಳ್ಳೇದು. ಪ್ರಯಾಣ ಮುಗಿಯುವ ಹೊತ್ತಿಗೆ 24 ವಾರ ತುಂಬುವವರನ್ನು ಹೆಚ್ಚಿನ ಹಡಗುಗಳು ಹತ್ತಿಸಿಕೊಳ್ಳುವುದಿಲ್ಲ. ಆರು ತಿಂಗಳಿಗಿಂತ ಚಿಕ್ಕ ಮಗುವನ್ನೂ ಅಷ್ಟೇ. ನಮ್ಮ ಅತ್ತಿಗೆ ಇದೇ ಕಾರಣಕ್ಕೆ ಬರುತ್ತಿಲ್ಲ. ಅವಳಿಗೆ ಧಾರೆಯ ದಿನವೇ ಎಲ್ಲ ಸಂಭ್ರಮ. ಹಣದ ಬಗ್ಗೆ ಇಷ್ಟು ಸಾಕು: ಟಿಕೆಟ್ ದರದಲ್ಲಿ ಕೋಣೆ, ಊಟ ಸೇರಿರುತ್ತದೆ. ಬಂದರು ಶುಲ್ಕ, ದಿನದ ಸೇವಾ ಶುಲ್ಕ, ಇಂಟರ್ನೆಟ್ ಬೇರೆ. ಪೂರ್ತಿ ಹಣವನ್ನು ಸುಮಾರು ಮೂರು ತಿಂಗಳ ಮೊದಲೇ ಕೇಳುತ್ತಾರೆ. ಆಮೇಲೆ ಬರಲ್ಲ ಅಂದರೆ ಸಿಗುವುದು ಕಡಿಮೆ.

ಅಪ್ಪನಿಗೆ ಬೇಜಾರಾಗಿದ್ದು ಇದ್ಯಾವುದಕ್ಕೂ ಅಲ್ಲ. ರಜೆಗೆ ಹೋದಾಗ ಜಗುಲಿಯಲ್ಲಿ ಕೂತು ಹಡಗಿನ ಫೋಟೋ ಎಲ್ಲ ತೋರಿಸಿದೆ. ಎಲ್ಲ ನೋಡಿದರು. ಮೊಬೈಲ್ ವಾಪಸ್ ಕೊಡುತ್ತಾ, "ಚೆನ್ನಾಗಿದೆ ಕೂಸೆ. ಆದ್ರೆ ಅಲ್ಲಿ ನಮಗೆ ಎಂತ ಕೆಲಸ?" ಅಂತ ಕೇಳಿದರು.

ಆ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ನಮ್ಮಲ್ಲಿ ಮದುವೆ ಅಂದರೆ ಕೆಲಸ. ಚಪ್ಪರಕ್ಕೆ ಸೋಗೆ ತರುವವರೊಬ್ಬರು, ಹಿಂದಿನ ರಾತ್ರಿ ಕೂತು ತರಕಾರಿ ಹೆಚ್ಚುವವರು ಇಪ್ಪತ್ತು ಜನ, ಬಡಿಸಲು ಊರ ಹುಡುಗರು, ಹಾಲು-ಮೊಸರು ಕೊಟ್ಟು ಕಳಿಸುವ ಅಕ್ಕಪಕ್ಕದ ಮನೆಯವರು. ಕೆಲಸ ಮಾಡುತ್ತಲೇ ಜನ ಹತ್ತಿರ ಆಗುತ್ತಾರೆ. ಹಡಗಿನಲ್ಲಿ ಎಲ್ಲಕ್ಕೂ ಸಂಬಳದವರಿದ್ದಾರೆ. ಮಗಳ ಮದುವೆಯಲ್ಲಿ ಅಪ್ಪ ಸುಮ್ನೆ ಕುರ್ಚಿಯಲ್ಲಿ ಕೂರಬೇಕು ಅಂದರೆ ಅದು ಅವರಿಗೆ ಗೌರವ ಅಲ್ಲ, ಶಿಕ್ಷೆ. ಹಾಗಾಗಿ ಹಡಗಿನ ಮದುವೆ ವಿಭಾಗದವರ ಜೊತೆ ನಾನು ಜಾಸ್ತಿ ಮಾತಾಡಿದ್ದು ಹೂವಿನ ಅಲಂಕಾರದ ಬಗ್ಗೆ ಅಲ್ಲ, ನಮ್ಮವರಿಗೆ ಯಾವ್ಯಾವ ಕೆಲಸ ಬಿಟ್ಟುಕೊಡುತ್ತೀರಿ ಅನ್ನುವುದರ ಬಗ್ಗೆ.

ಅಪ್ಪ ಸಭಾಂಗಣದ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಬೆಲ್ಲ, ನೀರು ಕೊಡುತ್ತಾರೆ. ನಮ್ಮ ಮನೆಗೆ ಯಾರು ಬಂದರೂ ಮೊದಲು ಕೊಡುವುದು ಅದೇ ತಾನೆ. ಹೊರಗಿನ ಅಡುಗೆ ಹಡಗಿಗೆ ತರುವಂತಿಲ್ಲ. ಅಂಗಡಿಯಲ್ಲಿ ಪ್ಯಾಕ್ ಮಾಡಿ ಸೀಲ್ ಹಾಕಿದ ಬೆಲ್ಲ ಆಗಬಹುದು ಅಂತ ಬರೆದು ಒಪ್ಪಿಗೆ ಕೊಟ್ಟಿದ್ದಾರೆ. ಅಚ್ಚು ಬೆಲ್ಲವನ್ನು ಎಷ್ಟು ದೊಡ್ಡ ಚೂರು ಮಾಡಬೇಕು ಅಂತ ಅಪ್ಪ ಈಗಲೇ ಲೆಕ್ಕ ಹಾಕುತ್ತಿದ್ದಾರೆ.

ಅತ್ತೆಯರಿಗೆ ಹಸೆ ಹಾಡು. ಮೈಕು ಬೇಡ, ವೇದಿಕೆ ಬೇಡ, ಮದುಮಕ್ಕಳ ಪಕ್ಕ ಚಾಪೆ ಹಾಸಿ ಕೂರಲು ಜಾಗ ಕೊಡಿ ಅಂತ ಕೇಳಿದ್ದೇನೆ. ಇಸ್ತ್ರಿ ಪೆಟ್ಟಿಗೆ ಇಲ್ಲದಿರುವುದರಿಂದ ರೇಷ್ಮೆ ಸೀರೆಗಳನ್ನು ನೆರಿಗೆ ಹಿಡಿದು ಮಡಚಿ ತರುವ ಜವಾಬ್ದಾರಿ ಚಿಕ್ಕಮ್ಮನದು.

ಅಲಂಕಾರಕ್ಕೆ ಪಕ್ಕದೂರಿನ ದೀವರ ಮನೆಯ ಅಕ್ಕ ಹಸೆ ಚಿತ್ತಾರ ಬರೆದುಕೊಡುತ್ತಿದ್ದಾರೆ. ಅವರಲ್ಲಿ ಮದುವೆ ಮನೆಯ ಗೋಡೆಗೆ ಬರೆಯುವ ಚಿತ್ರ ಅದು. ಹಡಗಿನ ಗೋಡೆಗೆ ಏನೂ ಅಂಟಿಸುವಂತಿಲ್ಲ, ಹಾಗಾಗಿ ಬಟ್ಟೆಯ ಮೇಲೆ ಬರೆಯುತ್ತಿದ್ದಾರೆ. ರಜೆಯಲ್ಲಿ ಅವರ ಪಕ್ಕ ಕೂತು ನೋಡಿದೆ. ಕೆಮ್ಮಣ್ಣು ಬಳಿದ ಬಟ್ಟೆ ಒಣಗಿತ್ತು. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದ ಬಿಳಿ ಬಣ್ಣ ತೆಂಗಿನ ಚಿಪ್ಪಿನಲ್ಲಿತ್ತು. ಪುಂಡಿ ನಾರಿನ ಕುಂಚವನ್ನು ಅದ್ದಿ, ಚಿಪ್ಪಿನ ಅಂಚಿಗೆ ಒಮ್ಮೆ ಒರೆಸಿ, ಉಸಿರು ಹಿಡಿದು ಒಂದೇ ಎಳೆ ಎಳೆಯುತ್ತಿದ್ದರು. ಅಳತೆಪಟ್ಟಿ ಇಲ್ಲ, ಪೆನ್ಸಿಲ್ ಗುರುತು ಇಲ್ಲ. ಎಳೆ ಎಲ್ಲೂ ಡೊಂಕಾಗಲಿಲ್ಲ. ಅವರಿಗೆ ಕೇಳಿದಷ್ಟು ಹಣ ಕೊಟ್ಟಿದ್ದೇವೆ, ಅವರನ್ನೂ ಮಗಳನ್ನೂ ಹಡಗಿಗೆ ಕರೆದಿದ್ದೇವೆ. ಚಿತ್ತಾರದ ಬಗ್ಗೆ ಕೇಳುವ ವಿದೇಶಿ ಸ್ನೇಹಿತರಿಗೆ ಅವರೇ ಹೇಳಲಿ ಅಂತ.

ಊಟದ ಚಿಂತೆ ಮಾಡುವವರಿಗೆ: ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಸಸ್ಯಾಹಾರ ಮೊದಲೇ ಬರೆಸಿದರೆ ಸಿಗುತ್ತದೆ. ಜೈನ ಊಟ ಅಂತ ಹೇಳಿದರೆ ಅಡುಗೆಯವರಿಗೆ ಬೇಗ ತಿಳಿಯುತ್ತದೆ. ಸಿಂಗಪುರದಿಂದ ಹೊರಡುವ ಹಡಗುಗಳಲ್ಲಿ ಬೆಳಿಗ್ಗೆ ಅಕ್ಕಿ ಗಂಜಿ ಇರುವುದು ಮಾಮೂಲು. ಕೆಲವೊಮ್ಮೆ ಅದನ್ನು ಮಾಂಸದ ಸಾರಿನಲ್ಲಿ ಬೇಯಿಸುತ್ತಾರೆ, ಬರೀ ನೀರಿನಲ್ಲಿ ಬೇಯಿಸಿದ್ದೇ ಬೇಕು ಅಂತ ಒತ್ತಿ ಹೇಳಿ. ಅಮ್ಮಮ್ಮನಿಗೆ ಗಂಜಿ ಸಿಗುತ್ತದೆ ಅಂತ ಗೊತ್ತಾದ ದಿನ ಅಮ್ಮನ ಅರ್ಧ ಚಿಂತೆ ಇಳಿಯಿತು. ಅಪ್ಪೆಮಿಡಿ ಉಪ್ಪಿನಕಾಯಿಯ ಸೀಲ್ ಹಾಕಿದ ಬಾಟಲಿಯನ್ನು ಅಂಗಡಿಯಿಂದಲೇ ತರುತ್ತಿದ್ದೇವೆ.

ಪಿನಾಂಗ್‌ನಲ್ಲಿ ಹಡಗು ನಿಲ್ಲುವುದು ಜಾರ್ಜ್‌ಟೌನ್‌ನ ಹಳೇ ಪೇಟೆಗೆ ಹತ್ತಿರವೇ. ಅಲ್ಲಿ 1833ರಲ್ಲಿ ಕಟ್ಟಿದ ಮಹಾಮಾರಿಯಮ್ಮನ ಗುಡಿ ಇದೆ. ಮದುಮಕ್ಕಳು ಹಿರಿಯರ ಜೊತೆ ಅಲ್ಲಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತಾರೆ. ನಡೆಯಲಾಗದವರಿಗೆ ಕಾರು ಹೇಳಿದ್ದೇನೆ.

ಇನ್ನು ಉಳಿದಿರುವುದು ನಾವು ಊರಲ್ಲಿಲ್ಲದಾಗ ಹಸು ಕರೆಯುವವರು ಯಾರು ಅನ್ನುವುದು. ಪಕ್ಕದ ಮನೆ ದೊಡ್ಡಮ್ಮ ಒಪ್ಪಿದ್ದಾರೆ, ಆದರೆ ಅವರೂ ಹಡಗಿಗೆ ಬರಬೇಕು ಅಂತ ಅಮ್ಮನ ಹಟ. ದೊಡ್ಡಮ್ಮನ ಪಾಸ್‌ಪೋರ್ಟ್ ಅರ್ಜಿ ಹಾಕಿ ಆಗಿದೆ. ಹಾಲು ಕರೆಯಲು ಬರುವ ಮನಸ್ಸಿರುವವರು ಯಾರಾದರೂ ಇದ್ದರೆ ಅಪ್ಪನಿಗೆ ಒಂದು ಮಾತು ಹೇಳಿ.