ಎಡಗಾಲಿಗೆ ಏನು ಕೆಲಸ?

"ಎಡಗಾಲಿಗೆ ಏನು ಕೆಲ್ಸ ಕೊಟ್ಟಿದ್ದೀಯಾ?"

ಸಿಲ್ಕ್ ಬೋರ್ಡ್ ಹತ್ತಿರ ನಮ್ಮ ಕಾರು ನಿಂತು ಹತ್ತು ನಿಮಿಷವಾಗಿತ್ತು. ತಲೆಯ ಮೇಲೆ ಮೆಟ್ರೋ ಹೋಯಿತು. ಅಪ್ಪ ಅದನ್ನು ನೋಡಲೇ ಇಲ್ಲ, ನನ್ನ ಕಾಲನ್ನೇ ನೋಡುತ್ತಾ ಕೂತಿದ್ದರು.

"ಏನೂ ಇಲ್ಲ ಅಪ್ಪ. ಸುಮ್ನೆ ಇಟ್ಕೊಂಡಿದೀನಿ."

"ಸುಮ್ನೆ?"

ಈ 'ಸುಮ್ನೆ?' ಮಂಗಳವಾರದಿಂದ ನನ್ನ ಕಿವಿ ಬಿಟ್ಟು ಹೋಗಿಲ್ಲ. ಪರೀಕ್ಷೆ ಹಿಂದಿನ ದಿನ ಯಾಕೆ ಟಿವಿ ಮುಂದೆ ಕೂತಿದ್ದೀಯಾ ಅಂದಾಗ ನಾನು ಇದೇ ಉತ್ತರ ಕೊಡುತ್ತಿದ್ದೆ, ಅವರು ಇದೇ ಧಾಟಿಯಲ್ಲಿ ತಿರುಗಿ ಕೇಳುತ್ತಿದ್ದರು. ನಲವತ್ತೆರಡು ವರ್ಷಕ್ಕೆ ಮತ್ತೆ ಸಿಕ್ಕಿಬಿದ್ದ ಹಾಗಾಯಿತು.

ಅಪ್ಪ ಮೂವತ್ತೊಂದು ವರ್ಷ ಸರ್ಕಾರಿ ಬಸ್ ಓಡಿಸಿದವರು. ಜಾಸ್ತಿ ವರ್ಷ ಚಾರ್ಮಾಡಿ ಘಾಟಿ ರೂಟು. ಕೊಟ್ಟಿಗೆಹಾರದಲ್ಲಿ ಚಹಾ, ಕೆಳಗೆ ಉಜಿರೆ, ಮತ್ತೆ ವಾಪಸ್. ಈಗ ಕಡೂರಿನ ಹತ್ತಿರ ನಮ್ಮ ಊರಲ್ಲಿ ತೆಂಗಿನ ಮರ ನೋಡಿಕೊಂಡಿದ್ದಾರೆ. ಮೊಣಕಾಲು ನೋವು ಅಂತ ಈ ವಾರ ಬೆಂಗಳೂರಿಗೆ ಬಂದರು, ಜೊತೆಗೆ ಒಂದು ಚೀಲ ಕಾಯಿ. ನಾನು ಕ್ಲಚ್ ಪೆಡಲ್ ಇಲ್ಲದ ಆಟೋಮ್ಯಾಟಿಕ್ ಕಾರು ತಗೊಂಡು ಎರಡು ತಿಂಗಳಾಗಿತ್ತು, ಅವರಿಗೆ ಹೇಳಿರಲಿಲ್ಲ. ಹೊಸ ಕಾರು ಅಂದಿದ್ದೆ, ಅಷ್ಟೇ. ಬಚ್ಚಿಟ್ಟೆ ಅನ್ನೋದೇ ಸರಿ.

ಯಾಕೆ ಅಂದರೆ ನಮ್ಮ ಮನೆಯಲ್ಲಿ ಆಟೋಮ್ಯಾಟಿಕ್ ಅನ್ನೋದು ಬೈಗುಳ. ನಮ್ಮ ಭಾವ ಇದ್ದಾರೆ, ತುಮಕೂರಿನಲ್ಲಿ. ದೊಡ್ಡ ಗಾಡಿ, ಮ್ಯಾನ್ಯುಯಲ್. "ಗೇರ್ ಕೈಯಲ್ಲಿ ಇಲ್ಲ ಅಂದ್ರೆ ಕಂಟ್ರೋಲ್ ಎಲ್ಲಿ ಬಂತು?" ಅಂತ ಮದುವೆ ಮನೆಗಳಲ್ಲಿ ಭಾಷಣ. ಅವರ ಗಾಡಿ ಭಾನುವಾರ ದೇವಸ್ಥಾನಕ್ಕೆ ಹೋಗಿ ಬರುತ್ತೆ, ಉಳಿದ ಆರು ದಿನ ಟಾರ್ಪಾಲ್ ಕೆಳಗೆ ಮಲಗಿರುತ್ತೆ. ದಿನಾ ಎಚ್‌ಎಸ್‌ಆರ್‌ನಿಂದ ಜಯದೇವ ದಾಟುವವಳು ನಾನು. ಹಳೇ ಕಾರಿನಲ್ಲಿ ಒಂದು ಸಂಜೆ ಕ್ಲಚ್ ಎಷ್ಟು ಸಲ ತುಳಿಯುತ್ತೀನಿ ಅಂತ ಎಣಿಸೋಕೆ ಹೊರಟಿದ್ದೆ. ನೂರು ದಾಟಿದ ಮೇಲೆ ಅಳು ಬಂದು ಬಿಟ್ಟುಬಿಟ್ಟೆ. ಕಂಟ್ರೋಲ್ ಅಂತೆ.

"ಸುಮ್ನೆ ಅಂದ್ರೆ ಗೇರ್ ಯಾರು ಹಾಕ್ತಾರೆ?" ಅಪ್ಪ ಬಿಡಲಿಲ್ಲ.

ನನ್ನದು ಎಎಂಟಿ. ಆಟೋಮ್ಯಾಟಿಕ್‌ಗಳಲ್ಲೇ ಬಡವರ ಮನೆಯದು. ಮ್ಯಾನ್ಯುಯಲ್ ಮಾಡೆಲ್‌ಗಿಂತ ಐವತ್ತು ಸಾವಿರದ ಆಸುಪಾಸು ಜಾಸ್ತಿ ಕೊಟ್ಟರೆ ಸಿಗುತ್ತೆ. ನಮ್ಮ ದೇಶದಲ್ಲಿ 2014ರಲ್ಲಿ ಸೆಲೆರಿಯೋ ಕಾರಿನ ಜೊತೆ ಬಂತು, ಆಮೇಲೆ ಸಣ್ಣ ಕಾರುಗಳಿಗೆಲ್ಲ ಹಬ್ಬಿತು. ಇದರೊಳಗೆ ಇರೋದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಪ್ಲೇಟೂ ಇದೆ. ಪೆಡಲ್ ಒಂದಿಲ್ಲ. ಕ್ಲಚ್ ಒತ್ತೋದು, ಗೇರ್ ಬದಲಾಯಿಸೋದು ಎರಡನ್ನೂ ಒಂದು ಯಂತ್ರ ಮಾಡುತ್ತೆ, ಯಾವಾಗ ಮಾಡಬೇಕು ಅಂತ ಕಂಪ್ಯೂಟರ್ ಹೇಳುತ್ತೆ. ಇಷ್ಟನ್ನು ನನಗೆ ತಿಳಿದ ಹಾಗೆ ಹೇಳಿದೆ.

ಅಪ್ಪ ಸ್ವಲ್ಪ ಹೊತ್ತು ಯೋಚಿಸಿದರು. "ಅಂದ್ರೆ ಕ್ಲಚ್ ಇದೆ. ತುಳಿಯೋಕೆ ಒಳಗೆ ಒಬ್ಬನ್ನ ಕೂರ್ಸಿದಾರೆ."

ಇದಕ್ಕಿಂತ ಚೆನ್ನಾಗಿ ಶೋರೂಮಿನ ಹುಡುಗ ಕೂಡ ಹೇಳಿರಲಿಲ್ಲ. ಅವನು ಅರ್ಧ ಗಂಟೆ ಸಿವಿಟಿ, ಡಿಸಿಟಿ, ಟಾರ್ಕ್ ಕನ್ವರ್ಟರ್ ಅಂತ ಬೇರೆ ಥರದ ಆಟೋಮ್ಯಾಟಿಕ್‌ಗಳ ಹೆಸರು ಹೇಳಿ ತಲೆ ತಿಂದಿದ್ದ. ಸಿವಿಟಿಯಲ್ಲಿ ಗೇರ್ ಚಕ್ರಗಳ ಬದಲು ಎರಡು ಪುಲ್ಲಿ, ಮಧ್ಯೆ ಒಂದು ಬೆಲ್ಟು. ಡಿಸಿಟಿಯಲ್ಲಿ ಎರಡು ಕ್ಲಚ್ಚು, ಒಂದು ಗೇರ್ ಓಡುವಾಗಲೇ ಮುಂದಿನದು ತಯಾರಾಗಿ ನಿಂತಿರುತ್ತೆ. ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆ. ಮೂರೂ ನನ್ನದಕ್ಕಿಂತ ನುಣುಪು, ಮೂರೂ ನನ್ನ ಜೇಬಿಗಿಂತ ದೊಡ್ಡವು.

ಅಷ್ಟರಲ್ಲಿ ಸಿಗ್ನಲ್ ಬಿಟ್ಟಿತು. ಒಂದರಿಂದ ಎರಡಕ್ಕೆ ಹೋಗುವಾಗ ಕಾರು ಎಂದಿನಂತೆ ಒಂದು ಕ್ಷಣ ತಡೆದು ತಲೆ ಅಲ್ಲಾಡಿಸಿತು. ಎಎಂಟಿ ಗುಣವೇ ಅದು. ಆ ಹೊತ್ತಿಗೆ ಎಕ್ಸಿಲರೇಟರ್ ಮೇಲಿನ ಕಾಲು ಚೂರು ಸಡಿಲಿಸಿದರೆ ಗೊತ್ತೇ ಆಗಲ್ಲ, ನನಗಿನ್ನೂ ಪೂರ್ತಿ ಅಭ್ಯಾಸವಾಗಿಲ್ಲ.

"ಒಳಗಿರೋನು ಹೊಸ್ಬ," ಅಂದರು ಅಪ್ಪ.

ಆಮೇಲೆ ಕ್ಲಿನಿಕ್ ತಲುಪುವವರೆಗೂ ಅವರ ಎಡಗಾಲು ಸುಮ್ಮನಿರಲಿಲ್ಲ. ಮುಂದಿನ ಗಾಡಿ ನಿಂತಾಗಲೆಲ್ಲ ಚಪ್ಪಲಿ ಮ್ಯಾಟಿಗೆ ಒತ್ತುತ್ತಿತ್ತು. ಎಂಜಿನ್ ಸದ್ದು ಏರಿದರೆ ಮತ್ತೆ ಒತ್ತುತ್ತಿತ್ತು, ನಿಧಾನಕ್ಕೆ ಬಿಡುತ್ತಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ ಅನಿಸುತ್ತೆ. ನಾನು ಮಾತ್ರ ರಸ್ತೆ ಬಿಟ್ಟು ಅದನ್ನೇ ನೋಡುತ್ತಿದ್ದೆ. ಆ ಕಾಲಕ್ಕೆ ಬಸ್ಸಿನ ಕ್ಲಚ್ ಅಂದರೆ ಮೈಭಾರ ಪೂರ್ತಿ ಹಾಕಿ ಇಳಿಸಬೇಕಿತ್ತು. ಸಣ್ಣವಳಿದ್ದಾಗ ಡಿಪೋದಲ್ಲಿ ನನ್ನನ್ನು ಅವರ ಸೀಟಲ್ಲಿ ಕೂರಿಸಿದ್ದರು. ಎರಡೂ ಕಾಲಿಟ್ಟು ನಿಂತರೂ ಆ ಪೆಡಲ್ ಇಳಿದಿರಲಿಲ್ಲ.

ಅಲ್ಲೇ ನನ್ನ ತಲೆಯಲ್ಲಿ ಒಂದು ಕಥೆ ತಯಾರಾಯಿತು. ಮೂವತ್ತೊಂದು ವರ್ಷ, ಆ ಕ್ಲಚ್ಚು, ಈ ಮೊಣಕಾಲು. ಪಾಪ ಅಪ್ಪ. ನಮ್ಮ ಫೀಸು, ನಮ್ಮ ಮದುವೆ ಎಲ್ಲ ಆ ಎಡಗಾಲಿನ ಮೇಲೆ ನಿಂತಿತ್ತು, ನಾವು ಯಾರೂ ಕೇಳಲಿಲ್ಲ ಅಂತ ಕಣ್ಣು ಕೂಡ ಒದ್ದೆಯಾಯಿತು. ಡಾಕ್ಟರ ಮುಂದೆ ಅವರು ಬಾಯಿ ಬಿಡುವ ಮೊದಲೇ ನಾನು ಕ್ಲಚ್ ಪುರಾಣ ಶುರು ಮಾಡಿದೆ.

ಡಾಕ್ಟರು ಎಕ್ಸ್‌ರೇ ದೀಪದ ಮುಂದೆ ಹಿಡಿದರು. "ಬಲಗಾಲೂ ಇಷ್ಟೇ ಸವೆದಿದೆಯಲ್ಲಮ್ಮ. ವಯಸ್ಸಾಗಿದೆ."

ಅಪ್ಪ ನನ್ನ ಕಡೆ ತಿರುಗಿದರು. ಕೇಸು ಗೆದ್ದವರ ಮುಖ. "ನೋಡ್ದಾ? ಕ್ಲಚ್ಚಿಂದೇನೂ ತಪ್ಪಿಲ್ಲ ಕಣವ್ವ."

ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಕರಗಿದ್ದು ಅಪ್ಪನ ಕಾಲಿಗೋ, ನಾನೇ ಕಟ್ಟಿದ ಕಥೆಗೋ? ಅವರಿಗೆ ಆ ಕೆಲಸ ಇಷ್ಟ ಇತ್ತು. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಕಷ್ಟಪಟ್ಟ ಅಪ್ಪ ನನಗೆ ಹೆಚ್ಚು ಅನುಕೂಲ, ಹಾಯಾಗಿದ್ದ ಅಪ್ಪನ ಬಗ್ಗೆ ಏನು ಯೋಚಿಸೋದು?

ಬುಧವಾರ ಬೆಳಿಗ್ಗೆ ಆರೂವರೆಗೆ ಅಪ್ಪ ಕೀ ಕೇಳಿದರು. ಲೇಔಟಿನ ಹಿಂದಿನ ರಸ್ತೆ ಖಾಲಿ ಇತ್ತು. ಗೇರ್ ಹಿಡಿಯ ಪಕ್ಕದ ಆರ್, ಎನ್, ಡಿ, ಎಂ ತೋರಿಸಿದೆ: ಹಿಂದಕ್ಕೆ, ನ್ಯೂಟ್ರಲ್, ಮುಂದಕ್ಕೆ, ಮ್ಯಾನ್ಯುಯಲ್.

"ಪಾರ್ಕಿಂಗ್ ಗೇರ್ ಇಲ್ವಾ? ಇಳಿಜಾರಲ್ಲಿ ನಿಲ್ಸೋದು ಹೆಂಗೆ?"

"ಗೇರಲ್ಲೇ ಬಿಟ್ಟು ಆಫ್ ಮಾಡಿ ಹ್ಯಾಂಡ್ ಬ್ರೇಕ್ ಎಳೀಬೇಕು."

"ಹಂಗಿದ್ರೆ ನಮ್ ಜಾತಿನೇ," ಅಂದರು, ಸಮಾಧಾನದಿಂದ.

ಐವತ್ತು ಅಡಿ ಚೆನ್ನಾಗಿ ಹೋಯಿತು. ತಿರುವು ಬಂತು. ಬಂದ ಕೂಡಲೇ ಅಪ್ಪನ ಕೈ ಗೇರಿಗೆ ಹೋಯಿತು, ಎಡಗಾಲು ಕ್ಲಚ್ಚಿಗೆ. ಕ್ಲಚ್ ಎಲ್ಲಿದೆ? ಅಲ್ಲಿದ್ದದ್ದು ಅಗಲವಾದ ಬ್ರೇಕ್ ಪೆಡಲ್. ಮೂವತ್ತೊಂದು ವರ್ಷದ ಬಸ್ ಕ್ಲಚ್ಚಿನ ಬಲವೆಲ್ಲ ಆ ಬ್ರೇಕಿನ ಮೇಲೆ ಬಿತ್ತು. ಕಾರು ಗೋಡೆಗೆ ಗುದ್ದಿದ ಹಾಗೆ ನಿಂತಿತು. ಬೆಲ್ಟು ನನ್ನ ಭುಜ ಹಿಡಿದೆಳೆಯಿತು. ಮೂರು ದಿನದಿಂದ ಹಿಂದಿನ ಸೀಟಲ್ಲೇ ಬಿಟ್ಟಿದ್ದ ಚೀಲ ಬಿಚ್ಚಿಕೊಂಡು ಕಾಯಿಗಳೆಲ್ಲ ದಡದಡ ಕೆಳಗೆ. ಒಂದು ಉರುಳಿಕೊಂಡು ಬಂದು ನನ್ನ ಸೀಟಿನಡಿ ನಿಂತಿತು. ಹಾಲಿನ ಹುಡುಗ ಸ್ಕೂಟರ್ ನಿಲ್ಲಿಸಿ ನೋಡಿದ. ನೋಡೋಕೇನಿತ್ತೋ ಅವನಿಗೆ.

ಅಪ್ಪ ಏನೂ ಮಾತಾಡಲಿಲ್ಲ. ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತಾ ಕೂತರು. ಇಷ್ಟು ವರ್ಷದಲ್ಲಿ ಅವರು ಓಡಿಸುವ ಗಾಡಿ ಹೀಗೆ ನಿಂತಿದ್ದನ್ನು ನಾನು ನೋಡಿಲ್ಲ. ಸೀಟಿನ ಕೆಳಗೆ ಬಗ್ಗಿ ಕಾಯಿ ಹುಡುಕುವ ನೆಪದಲ್ಲಿ ನಾನೂ ಮುಖ ತಪ್ಪಿಸಿದೆ.

ಆಮೇಲೆ ಅವರು ಎಡಗಾಲನ್ನು ಹಿಂದಕ್ಕೆ ಎಳೆದು ಸೀಟಿಗೆ ಒತ್ತಿ ಇಟ್ಟುಕೊಂಡರು, ತಂಟೆ ಮಾಡಿದ ಹುಡುಗನನ್ನು ಮೂಲೆಗೆ ನಿಲ್ಲಿಸಿದ ಹಾಗೆ. "ಸುಮ್ನೆ ಇರು ನೀನು," ಅಂದರು. ನನಗಲ್ಲ, ಕಾಲಿಗೆ. ಮತ್ತೆ ಕಾರು ಬಿಟ್ಟರು. ಮೂರು ಸುತ್ತು ಹಾಕಿದರು. ಎರಡನೇ ಸುತ್ತಿಗೇ ಗೇರ್ ಬದಲಾಗುವ ಹೊತ್ತಿಗೆ ಸರಿಯಾಗಿ ಬಲಗಾಲು ಸಡಿಲಿಸುತ್ತಿದ್ದರು, ಕಾರು ಒಂದು ಸಲವೂ ತಲೆ ಅಲ್ಲಾಡಿಸಲಿಲ್ಲ. ನಾನು ಎರಡು ತಿಂಗಳಲ್ಲಿ ಕಲಿಯದ್ದು.

"ಘಾಟಿ ಇಳಿಯೋಕೆ ಏನ್ಮಾಡ್ತೀಯಾ?" ಅಂತ ಕೇಳಿದರು. 'ಎಂ' ಅಕ್ಷರಕ್ಕೆ ಹಾಕಿದರೆ ಗೇರ್ ನಮ್ಮ ಕೈಗೆ ಬರುತ್ತೆ, ಎರಡರಲ್ಲಿ ಹಿಡಿದು ಇಳಿಸಬಹುದು ಅಂದೆ. ಘಾಟಿ ಹತ್ತಿದ ಗೇರಲ್ಲೇ ಇಳೀಬೇಕು ಅನ್ನೋದು ಅವರ ಪಾಠ. ಬರೀ ಬ್ರೇಕ್ ನಂಬಿ ಇಳಿದರೆ ಅದು ಕಾದು ಹಿಡಿತ ಬಿಡುತ್ತೆ, ಎಂಜಿನ್ನೇ ಗಾಡಿಯನ್ನು ಹಿಡಿದಿರಬೇಕು. ತಲೆ ಆಡಿಸಿದರು. "ಡಿಯಲ್ಲೇ ಬಿಟ್ಕೊಂಡು ಚಾರ್ಮಾಡಿ ಇಳೀಬೇಡ ಮತ್ತೆ."

ಪೆಟ್ರೋಲ್ ಜಾಸ್ತಿ ಕುಡಿಯುತ್ತಾ ಅಂತಲೂ ಕೇಳಿದರು. ಹಳೇ ಆಟೋಮ್ಯಾಟಿಕ್‌ಗಳ ಕೆಟ್ಟ ಹೆಸರು ಇನ್ನೂ ಊರಲ್ಲಿ ಓಡಾಡುತ್ತಿದೆ. ಎಎಂಟಿಗೆ ಮೈಲೇಜಿನ ವ್ಯತ್ಯಾಸ ಅಷ್ಟೇನಿಲ್ಲ, ಒಳಗಿರೋದು ಅದೇ ಗೇರ್‌ಬಾಕ್ಸು ತಾನೆ? "ಭಾವಂಗೆ ಹೇಳ್ಬೇಕು," ಅಂದೆ. ಅಪ್ಪ ನಕ್ಕರು. ಭಾವನ ಡ್ರೈವಿಂಗ್ ಬಗ್ಗೆ ಅವರ ಅಭಿಪ್ರಾಯ ಇಲ್ಲಿ ಬರೆಯುವ ಹಾಗಿಲ್ಲ, ಮನೆತನದ ವಿಷಯ.

ಗುರುವಾರ ಮೆಜೆಸ್ಟಿಕ್‌ಗೆ ಬಿಟ್ಟು ಬರಲು ಹೋದೆ. ಮಧ್ಯದಲ್ಲಿ ಒಂದು ಬ್ಯಾಟರಿ ಬಸ್ ಸದ್ದಿಲ್ಲದೆ ಪಕ್ಕಕ್ಕೆ ಬಂದು ನಿಂತಿತು. ಅದಕ್ಕೂ ಕ್ಲಚ್ ಇಲ್ಲ ಅಂದೆ. ಅಪ್ಪ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಆ ಡ್ರೈವರ್‌ನನ್ನು ತುಂಬಾ ಹೊತ್ತು ನೋಡಿದರು.

ಕಡೂರಿಗೆ ಹೋಗುವ ಕೆಂಪು ಬಸ್ಸು ಸಿಕ್ಕಿತು. ಅಪ್ಪ ಹತ್ತಿದವರೇ ಡ್ರೈವರ್ ಹಿಂದಿನ ಸೀಟು ಹಿಡಿದರು. ಎಂಜಿನ್ ಶುರುವಾಯಿತು. ಅವರು ಮುಂದಕ್ಕೆ ಬಗ್ಗಿ ಕೆಳಗೆ ಏನನ್ನೋ ನೋಡಿದರು, ಆಮೇಲೆ ಕಿಟಕಿ ಸರಿಸಿ ನನ್ನನ್ನು ಕೂಗಿದರು.

"ಇದಕ್ಕಿದೆ ಕಣವ್ವ!"