ಕಳಿಸಿದೆ ಅನ್ನುವ ಮಾಡ್ಯೂಲು, ಖಾಲಿ ಬಿದ್ದಿದ್ದ ವಾಟರ್‌ಫಾಲು

"ಕಳಿಸ್ತು ಅಂತ ಬರ್ತಿದೆ ನೋಡಿ ಸಾರ್" ಎಂದು ಹುಡುಗ ಲ್ಯಾಪ್‌ಟಾಪನ್ನು ಈ ಕಡೆ ತಿರುಗಿಸಿದ. ಬೋರ್ಡು ಹೇಳುವುದನ್ನು ತೋರಿಸುವ ಸೀರಿಯಲ್ ಮಾನಿಟರಿನಲ್ಲಿ ನಿಮಿಷಕ್ಕೊಂದರಂತೆ ಅದೇ ಸಾಲು ಬೀಳುತ್ತಿತ್ತು. ಪಕ್ಕದಲ್ಲಿದ್ದ ತೋಟದ ಯಜಮಾನರು ಕೇಳಿದ್ದು ಒಂದೇ ಮಾತು: "ಕಳಿಸ್ತು ಅಂತೀಯಲ್ಲ ಮಾರಾಯ, ಇಲ್ಲಿಗೆ ಬರ್ಲಿಲ್ಲವಲ್ಲ?" ಈ ವಾರವೆಲ್ಲ ಆ ಎರಡು ಮಾತೇ ತಲೆಯಲ್ಲಿ ಸುತ್ತುತ್ತಿವೆ. ಎಂಜಿನಿಯರಿಂಗ್ ಓದಿದ್ದು ಹುಡುಗ. ಎಂಜಿನಿಯರ್ ಕೇಳಬೇಕಾದ ಪ್ರಶ್ನೆ ಕೇಳಿದವರು ಯಜಮಾನರು.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಗುಡ್ಡದ ಮೇಲಿನ ಟ್ಯಾಂಕಿನಲ್ಲಿ ನೀರು ಎಷ್ಟಿದೆ ಎಂದು ಮನೆಯಲ್ಲಿ ಗೊತ್ತಾಗಬೇಕು, ಇಷ್ಟೇ ಕೆಲಸ. ಟ್ಯಾಂಕಿನ ಬಳಿ 3.3 ವೋಲ್ಟಿನ ಪ್ರೋ ಮಿನಿ ಎಂಬ ಪುಟ್ಟ ಆರ್ಡುಯಿನೋ ಬೋರ್ಡು, ಅದಕ್ಕೆ ದೂರಕ್ಕೆ ಚಿಕ್ಕ ಸಂದೇಶ ಕಳಿಸುವ ಆರ್‌ಎಫ್‌ಎಂ95 ಲೋರಾ ರೇಡಿಯೊ ಮಾಡ್ಯೂಲು. ಮನೆಯಲ್ಲಿ ಅಂಥದ್ದೇ ಇನ್ನೊಂದು ಮಾಡ್ಯೂಲು. ನಡುವೆ ಸುಮಾರು 600 ಮೀಟರು, ಅಡಿಕೆ ಮರಗಳು. ಮೇಜಿನ ಮೇಲೆ ಎದುರುಬದುರು ಇಟ್ಟರೆ ಎರಡೂ ಸರಿಯಾಗಿ ಮಾತಾಡುತ್ತವೆ, ಗುಡ್ಡ ಹತ್ತಿಸಿದರೆ ಸುದ್ದಿಯೇ ಇಲ್ಲ. ಮಾರಿದ ಅಂಗಡಿಯವರು ಫೋನಿನಲ್ಲೇ "ಮಾಡ್ಯೂಲ್ ಹೋಗಿರುತ್ತೆ, ಬೇರೆ ಹಾಕಿ" ಎಂದಿದ್ದರು. ಹಾಕಿಯೂ ಆಗಿತ್ತು. ಆಂಟೆನಾ ಬದಲಿಸಿಯೂ ಆಗಿತ್ತು. ನೋಡದೆ, ಅಳೆಯದೆ "ಹೋಗಿರುತ್ತೆ" ಎನ್ನುವವರ ಮೇಲೆ ನನಗೆ ಸಿಟ್ಟಿದೆ. ಅವರ ಊಹೆಗೆ ದುಡ್ಡು ಕೊಡುವವರು ರೈತರು.

ಆ "ಕಳಿಸ್ತು" ಎಲ್ಲಿಂದ ಬರುತ್ತದೆ ನೋಡಿ. ಆರ್‌ಎಫ್‌ಎಂ95ರ ಒಳಗಿರುವುದು ಸೆಮ್‌ಟೆಕ್‌ನ ಎಸ್‌ಎಕ್ಸ್1276 ಚಿಪ್ಪಿನ ವರ್ಗದ್ದೇ. ಪ್ಯಾಕೆಟ್‌ನ (ಒಂದು ಸಂದೇಶದ) ಕೊನೆಯ ಸಿಂಬಲ್ (ತುಣುಕು) ಮುಗಿದ ಕೂಡಲೇ ಅದು ಟಿಎಕ್ಸ್‌ಡನ್ ಎಂಬ ಫ್ಲ್ಯಾಗ್ ಎತ್ತುತ್ತದೆ, ಲೈಬ್ರರಿ (ರೇಡಿಯೊ ನಡೆಸುವ ಸಿದ್ಧ ಕೋಡು) ಅದನ್ನು ನೋಡಿ ಮರಳುತ್ತದೆ, ಆಗ ನಮ್ಮ ಪ್ರೋಗ್ರಾಂ ಸಾಲು ಛಾಪಿಸುತ್ತದೆ. ಆಂಟೆನಾ ಕಳಚಿ ಬಿದ್ದಿದ್ದರೂ ಆ ಫ್ಲ್ಯಾಗ್ ಏಳುತ್ತದೆ. ಚಿಪ್ಪು ತನ್ನ ಡಿಜಿಟಲ್ ಲೆಕ್ಕ ಮುಗಿಯಿತು ಎನ್ನುತ್ತಿದೆ ಅಷ್ಟೆ, ಗಾಳಿಗೆ ಏನು ಹೋಯಿತು ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ತಿಳಿಯಲು ಹೊರಗಿನ ಕಿವಿಯೊಂದು ಬೇಕು.

ಆ ಕಿವಿ ಇವತ್ತು ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ. ಟಿವಿ ನೋಡಲು ಮಾಡಿದ ಯುಎಸ್‌ಬಿ ಸ್ಟಿಕ್ಕಿನ ಆರ್‌ಟಿಎಲ್2832ಯು ಚಿಪ್ಪಿನಿಂದ ರೇಡಿಯೊ ಅಲೆಯ ಕಚ್ಚಾ ಸ್ಯಾಂಪಲ್‌ಗಳನ್ನೇ (ಅಳತೆಗಳನ್ನೇ) ಎಳೆಯಬಹುದು ಎಂಬುದು 2012ರ ಹೊತ್ತಿಗೆ ಹವ್ಯಾಸಿಗಳ ನಡುವೆ ಹಬ್ಬಿತು. ಆರ್820ಟಿ2 ಟ್ಯೂನರ್ ಇರುವ ಇಂಥ ಸ್ಟಿಕ್ಕು, ಅಂದರೆ ಡಾಂಗಲ್, ಸುಮಾರು 24ರಿಂದ 1,766 ಮೆಗಾಹರ್ಟ್ಸ್‌ವರೆಗೆ ಕೇಳುತ್ತದೆ. ಸ್ಯಾಂಪಲ್ 8 ಬಿಟ್ಟು ಮಾತ್ರ, ಒಮ್ಮೆಗೆ 2.4 ಮೆಗಾಹರ್ಟ್ಸ್ ಅಗಲ ನಂಬಿಕೆಯಿಂದ ನೋಡಬಹುದು. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಬ್ಯಾಂಡ್ ಮೊದಲು 865ರಿಂದ 867 ಮೆಗಾಹರ್ಟ್ಸ್ ಇತ್ತು, 2021ರಲ್ಲಿ 868ಕ್ಕೆ ಹಿಗ್ಗಿತು. ಅದರ ಬಹುಭಾಗ ಒಂದೇ ಪರದೆಯಲ್ಲಿ ಹಿಡಿಸುತ್ತದೆ.

ಕೊಳ್ಳುವಾಗ 1 ಪಿಪಿಎಂ (ಹತ್ತು ಲಕ್ಷಕ್ಕೆ ಒಂದು ಪಾಲು ತಪ್ಪಿನ) ಟಿಸಿಎಕ್ಸ್‌ಒ, ಅಂದರೆ ಶಾಖಕ್ಕೆ ಹೆಚ್ಚು ಕದಲದ ಕ್ರಿಸ್ಟಲ್, ಇರುವುದನ್ನೇ ಕೊಳ್ಳಿ. ಅಗ್ಗದ ಡಾಂಗಲ್‌ಗಳ ಕ್ರಿಸ್ಟಲ್ 30 ಪಿಪಿಎಂ ಆಚೀಚೆ ಇದ್ದರೆ 866 ಮೆಗಾಹರ್ಟ್ಸ್‌ನಲ್ಲಿ 26 ಕಿಲೋಹರ್ಟ್ಸ್ ತಪ್ಪು ತೋರಿಸುತ್ತದೆ, ಆಮೇಲೆ ತಪ್ಪು ಮಾಡ್ಯೂಲಿನದೋ ಡಾಂಗಲಿನದೋ ಎಂದು ಒದ್ದಾಡಬೇಕು. ಅಂಥದ್ದೇ ಕೈಯಲ್ಲಿದ್ದರೆ ಕ್ಯಾಲಿಬ್ರೇಟ್-ಆರ್‌ಟಿಎಲ್ ಎಂಬ ಪ್ರೋಗ್ರಾಂ ಹಾಕಿ, ಹತ್ತಿರದ ಜಿಎಸ್‌ಎಂ ಟವರಿನ ಸಿಗ್ನಲ್ ಹಿಡಿದು ಪಿಪಿಎಂ ತಪ್ಪನ್ನು ಕಂಡುಕೊಂಡು ತುಂಬಿ. ವಿಂಡೋಸ್‌ನಲ್ಲಿ ಜಾಡಿಗ್ ಎಂಬ ಪ್ರೋಗ್ರಾಂನಿಂದ ವಿನ್‌ಯುಎಸ್‌ಬಿ ಡ್ರೈವರ್ ಹಾಕಬೇಕು. ಲಿನಕ್ಸ್‌ನಲ್ಲಿ ಕರ್ನಲ್‌ನ ಟಿವಿ ಡ್ರೈವರ್ ಡಾಂಗಲನ್ನು ಮೊದಲೇ ಹಿಡಿದುಕೊಳ್ಳುತ್ತದೆ, ಅದು ಲೋಡ್ ಆಗದಂತೆ ಬ್ಲ್ಯಾಕ್‌ಲಿಸ್ಟ್ ಮಾಡಬೇಕು. "ಡಿವೈಸ್ ಸಿಕ್ತಿಲ್ಲ" ಎನ್ನುವವರಲ್ಲಿ ಹೆಚ್ಚಿನವರು ನಿಂತಿರುವುದು ಈ ಎರಡರಲ್ಲಿ ಒಂದು ಕಡೆ.

ತೋಟದ ಮನೆಯ ಜಗಲಿಯಲ್ಲಿ ಡಾಂಗಲ್ ಕೇಳಿದ್ದನ್ನು ಪರದೆಗೆ ತರುವ ಎಸ್‌ಡಿಆರ್++ ಪ್ರೋಗ್ರಾಂ ತೆರೆದು, ಡೈಪೋಲ್ ಆಂಟೆನಾದ ಎರಡು ಕಡ್ಡಿಗಳನ್ನು ತಲಾ 8 ಸೆಂಟಿಮೀಟರಿಗೆ ಎಳೆದು ನೆಟ್ಟಗೆ ನಿಲ್ಲಿಸಿದ್ದಾಯಿತು. ಸೆಂಟರ್ ಫ್ರೀಕ್ವೆನ್ಸಿಯನ್ನು ಸಿಗ್ನಲ್ ಬರುವ ಜಾಗಕ್ಕೇ ಇಡಬಾರದು. ನಟ್ಟನಡುವೆ ಡಿಸಿ ಗೂಟವೊಂದು, ಅಂದರೆ ಡಾಂಗಲ್ ತಾನೇ ಹುಟ್ಟಿಸುವ ಸುಳ್ಳು ಗೆರೆ, ನಿಂತಿರಬಹುದು. ಸಿಗ್ನಲ್ 866ರಲ್ಲಿದ್ದರೆ ಸೆಂಟರ್ 865.7ಕ್ಕೆ ಇಟ್ಟರೆ ಸಾಕು. ಆಟೋ ಗೇನ್ (ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬೇಕೆಂದು ಡಾಂಗಲ್ ತಾನೇ ತೀರ್ಮಾನಿಸುವುದು) ಆಫ್ ಮಾಡಿ. ಮಾಡ್ಯೂಲಿನಿಂದ ಡಾಂಗಲ್ 3 ಮೀಟರಾದರೂ ದೂರ ಇರಲಿ, ಗೇನ್ ಕೆಳಗಿನಿಂದ ಮೇಲಕ್ಕೆ ಏರಿಸುತ್ತ ಬನ್ನಿ. ಹತ್ತಿರದಲ್ಲಿ ಗೇನ್ ಜಾಸ್ತಿಯಾದರೆ ಒಂದು ಸಿಗ್ನಲ್ಲಿಗೆ ಹತ್ತು ಭೂತಗಳು ಕಾಣುತ್ತವೆ. ಯಾವುದು ನಿಜ ಎಂದು ಅನುಮಾನ ಬಂದರೆ ಸೆಂಟರನ್ನು 100 ಕಿಲೋಹರ್ಟ್ಸ್ ಸರಿಸಿ ನೋಡಿ: ನಿಜವಾದದ್ದು ತನ್ನ ಫ್ರೀಕ್ವೆನ್ಸಿಯಲ್ಲೇ ಇರುತ್ತದೆ, ಭೂತ ಹೆಚ್ಚಾಗಿ ಜಾಗ ಬಿಡುತ್ತದೆ.

ಮೊದಲು ಮನೆಯ ಮಾಡ್ಯೂಲಿನಿಂದ ಒಂದು ಪ್ಯಾಕೆಟ್. ಕಡಿಮೆ ಗೇನಿನಲ್ಲೇ ವಾಟರ್‌ಫಾಲಿನ, ಅಂದರೆ ಸಿಗ್ನಲ್ಲಿನ ಬಲವನ್ನು ಬಣ್ಣದಲ್ಲಿ ತೋರಿಸುತ್ತ ಕೆಳಗಿಳಿಯುವ ಚಿತ್ರದ, ಮೇಲೆ 125 ಕಿಲೋಹರ್ಟ್ಸ್ ಅಗಲದ ಹಳದಿ ಪಟ್ಟಿ ಎದ್ದು ಕಂಡಿತು. ಅದೇ ಜಾಗ, ಅದೇ ದೂರ, ಅದೇ ಗೇನ್. ಈಗ ಟ್ಯಾಂಕಿನ ಮಾಡ್ಯೂಲು. "ಕಳಿಸ್ತು" ಎಂಬ ಸಾಲು ಬಿತ್ತು. ವಾಟರ್‌ಫಾಲ್ ನೀಲಿಯಾಗಿಯೇ ಇತ್ತು. ಮತ್ತೆ "ಕಳಿಸ್ತು", ಮತ್ತೆ ನೀಲಿ. ಗೇನ್ 40 ಡಿಬಿ ದಾಟಿಸಿದ ಮೇಲೆ ಅದೇ ಜಾಗದಲ್ಲಿ ತೆಳುವಾದ ನೆರಳೊಂದು ಮೂಡಿತು. ಹುಡುಗ ಬಾಗಿ ಪರದೆಯನ್ನೇ ನೋಡುತ್ತಿದ್ದ. ಎಂಟು ಸೆಮಿಸ್ಟರ್ ಕಮ್ಯುನಿಕೇಶನ್ ಓದಿದ ಅವನು ಗಾಳಿಯಲ್ಲಿರುವ ಸಿಗ್ನಲ್ಲನ್ನು ಕಣ್ಣಾರೆ ನೋಡಿದ್ದು ಅದೇ ಮೊದಲಂತೆ. ಜಾಣ ಹುಡುಗ, ಬೆಸುಗೆಯೂ ಚೊಕ್ಕ. ನೋಡಲು ಏನನ್ನೂ ಕೊಡದೆ ಸೂತ್ರ ಮಾತ್ರ ಬರೆಸಿದ ಪಾಠದ್ದೇ ತಪ್ಪು.

ನೆರಳು ಕಂಡಿತು ಅಂದರೆ ಫ್ರೀಕ್ವೆನ್ಸಿ ಸರಿಯಿದೆ, ಅಗಲ ಸರಿಯಿದೆ, ಪವರ್ ಮಾತ್ರ ಇಲ್ಲ. ಇಲ್ಲಿಂದ ಹುಡುಕುವ ಜಾಗ ಬಹಳ ಕಿರಿದಾಗುತ್ತದೆ. ಎಸ್‌ಎಕ್ಸ್1276 ಚಿಪ್ಪಿಗೆ ಹೊರದಾರಿಗಳು ಬೇರೆ ಬೇರೆ: ಆರ್‌ಎಫ್‌ಒ ಪಿನ್ನುಗಳು ಮತ್ತು ಪಿಎ ಬೂಸ್ಟ್ ಪಿನ್ನು. ಆರ್‌ಎಫ್‌ಎಂ95ರಲ್ಲಿ ಆಂಟೆನಾಗೆ ಹೋಗುವ ದಾರಿ ಪಿಎ ಬೂಸ್ಟ್ ಒಂದಕ್ಕೇ. ಟ್ಯಾಂಕಿನ ಕೋಡಿನಲ್ಲಿ ಪವರ್ ಹೊಂದಿಸುವ ಸಾಲು ಎಲ್ಲಿಂದಲೋ ನಕಲಾಗಿ ಬಂದಿತ್ತು, ಅದರಲ್ಲಿ ಆರ್‌ಎಫ್‌ಒ ಎಂದಿತ್ತು. ಸಿಗ್ನಲ್ ಎಲ್ಲಿಗೂ ಜೋಡಿಸದ ಪಿನ್ನಿಗೆ ಹೋಗುತ್ತಿತ್ತು. ಸೋರಿದ ಅಷ್ಟಿಷ್ಟು ಮೇಜಿನ ಆಚೆ ಬದಿಗೆ ಸಾಲುತ್ತಿತ್ತು, 600 ಮೀಟರಿಗೆ ಹೇಗೆ ಸಾಲಬೇಕು? 2 ಮೀಟರ್ ದೂರದಲ್ಲಿ ಮೈನಸ್ 30ರ ಆಸುಪಾಸು ಇರಬೇಕಾದ ಆರ್‌ಎಸ್‌ಎಸ್‌ಐ (ಬಂದ ಸಿಗ್ನಲ್ಲಿನ ಬಲ, ಡಿಬಿಎಂನಲ್ಲಿ) ಮೈನಸ್ 80ಕ್ಕಿಂತ ಕೆಳಗಿತ್ತು. ಪ್ಯಾಕೆಟ್ ಬಂತಲ್ಲ ಎಂದು ಆ ಅಂಕಿಯನ್ನು ಯಾರೂ ಓದಿರಲಿಲ್ಲ. ಪಿಎಕಾನ್ಫಿಗ್ ರಿಜಿಸ್ಟರಿನ 7ನೇ ಬಿಟ್ 1 ಆಗಬೇಕು, ಲೈಬ್ರರಿಯಲ್ಲಿ ಒಂದು ಪದ ಬದಲಿಸಿದರೆ ಆಯಿತು.

ಬದಲಿಸಿದ ಮೇಲೆ ಪಟ್ಟಿ ಹಳದಿಯಾಯಿತು, ಆದರೆ ತುಂಡು. ಈಗ "ಕಳಿಸ್ತು" ಎಂಬ ಸಾಲೂ ನಿಂತಿತ್ತು, ಬೋರ್ಡು ರೀಸೆಟ್ ಆಗುತ್ತಿತ್ತು. ಇಂಥದ್ದನ್ನು ಬರಿಗಣ್ಣಿಗೆ ವಾಟರ್‌ಫಾಲಿನಲ್ಲಿ ಬಿಡಿಸಲಾಗದು. ಅದರ ಒಂದೊಂದು ಗೆರೆಯೇ ಹತ್ತಾರು ಮಿಲಿಸೆಕೆಂಡು, ಎಸ್‌ಎಫ್10ರ (ಎಸ್‌ಎಫ್ ಅಂದರೆ ಸಿಂಬಲ್ ಎಷ್ಟು ಉದ್ದ ಎಂದು ಹೇಳುವ ಲೋರಾ ಸೆಟ್ಟಿಂಗು) ಸಿಂಬಲ್ 8.192 ಮಿಲಿಸೆಕೆಂಡು. ಆರ್‌ಟಿಎಲ್-ಎಸ್‌ಡಿಆರ್ ಕಮಾಂಡಿನಿಂದ ಸೆಕೆಂಡಿಗೆ 10,24,000 ಸ್ಯಾಂಪಲ್‌ನಂತೆ ರೆಕಾರ್ಡ್ ಮಾಡಿ, ಫೈಲಿಗೆ ಸಿಯು8 ಎಂಬ ಬಾಲ ಕೊಟ್ಟು, ಇನ್‌ಸ್ಪೆಕ್ಟ್ರಮ್ ಎಂಬ ಪ್ರೋಗ್ರಾಂನಲ್ಲಿ ಎಫ್‌ಎಫ್‌ಟಿ 512 ಇಟ್ಟು ತೆರೆಯಬೇಕು. ಆಗ ಲೋರಾದ ಓರೆಗೆರೆಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಾಣುತ್ತವೆ: ಮೊದಲು ಪ್ರಿಯಾಂಬಲ್‌ನ (ಪ್ಯಾಕೆಟ್ ಬರುತ್ತಿದೆ ಎಂದು ಸಾರುವ ಭಾಗದ) 8 ಏರು ಚರ್ಪ್ (ಫ್ರೀಕ್ವೆನ್ಸಿ ಏರುತ್ತ ಹೋಗುವ ಗೆರೆ), ಆಮೇಲೆ ಯಾವ ಜಾಲದ್ದೆಂದು ಗುರುತಿಸುವ ಸಿಂಕ್ ವರ್ಡಿನ 2, ಅನಂತರ ಎರಡೂಕಾಲು ಇಳಿ ಚರ್ಪ್, ಆಮೇಲೆ ಡೇಟಾ. 20 ಬೈಟಿನ ಪ್ಯಾಕೆಟ್ಟು ಸುಮಾರು 371 ಮಿಲಿಸೆಕೆಂಡ್ ನಡೆಯಬೇಕು. ಇಲ್ಲಿ ಪ್ರಿಯಾಂಬಲ್‌ನ ನಡುವೆಯೇ ಗೆರೆ ಕತ್ತರಿಸಿದಂತೆ ನಿಂತಿತ್ತು.

ಕಾರಣ ಕರೆಂಟು. ಆರ್‌ಎಫ್‌ಒ ದಾರಿಯಲ್ಲಿ 13 ಡಿಬಿಎಂಗೆ ಡೇಟಾಶೀಟಿನ ಪ್ರಕಾರ 29 ಮಿಲಿಆಂಪ್. ಪಿಎ ಬೂಸ್ಟ್‌ನಲ್ಲಿ 17 ಡಿಬಿಎಂಗೆ 87, 20 ಡಿಬಿಎಂಗೆ 120 ಮಿಲಿಆಂಪ್. ಪ್ರೋ ಮಿನಿಯ ಪುಟ್ಟ ರೆಗ್ಯುಲೇಟರ್ ಸೆನ್ಸರನ್ನೂ ಹೊತ್ತುಕೊಂಡು ಇಷ್ಟನ್ನು ತಡೆಯುವುದಿಲ್ಲ. ಮಾಡ್ಯೂಲಿಗೆ 500 ಮಿಲಿಆಂಪಿನ ಬೇರೆ 3.3 ವೋಲ್ಟ್ ರೆಗ್ಯುಲೇಟರ್, ಮಾಡ್ಯೂಲಿನ ವಿಸಿಸಿ (ವಿದ್ಯುತ್ ಪಡೆಯುವ) ಕಾಲಿಗೆ ಅಂಟಿಕೊಂಡಂತೆ 100 ಮೈಕ್ರೋಫ್ಯಾರಡ್ ಮತ್ತು 100 ನ್ಯಾನೋಫ್ಯಾರಡ್ ಕೆಪಾಸಿಟರು, ಪವರ್ 17ಕ್ಕೆ. ಮುಂದಿನ ರೆಕಾರ್ಡಿಂಗಿನಲ್ಲಿ ಚರ್ಪುಗಳು ಕೊನೆಯತನಕ ಇದ್ದವು, ಗುಡ್ಡದಿಂದ ಮನೆಗೆ ನೀರಿನ ಮಟ್ಟ ಬಂತು.

ಕಿತ್ತು ಹಾಕಿದ್ದ ಮಾಡ್ಯೂಲನ್ನು ಮತ್ತೆ ಹಾಕಿ ನೋಡಿದರೆ ಅದೂ ಚೆನ್ನಾಗಿಯೇ ಇತ್ತು. ಯಜಮಾನರು ಅದನ್ನು ಅಂಗೈಯಲ್ಲಿಟ್ಟು ನೋಡಿ, "ಹಾಗಾದ್ರೆ ಇದು ಹೋಗಿದ್ದೇ ಅಲ್ಲ" ಎಂದರು. ವೈರ್‌ಲೆಸ್ ಸಾಮಾನು ಮಾರುವವರು ಡಾಂಗಲ್ ಒಂದನ್ನು ಇಟ್ಟುಕೊಳ್ಳದೆ "ಹೋಗಿದೆ" ಎಂದು ತೀರ್ಪು ಕೊಡುವುದು ಸರಿಯಲ್ಲ. ಲಕ್ಷಗಟ್ಟಲೆಯ ಸ್ಪೆಕ್ಟ್ರಮ್ ಅನಲೈಸರ್ ಬೇಕಿದ್ದ ಕಾಲದಲ್ಲಿ ಆ ನೆಪ ನಡೆಯುತ್ತಿತ್ತು. ಕಾಲೇಜುಗಳಲ್ಲೂ ಪ್ರತಿ ಪ್ರಾಜೆಕ್ಟ್ ತಂಡದ ಮೇಜಿನ ಮೇಲೆ ಒಂದು ಡಾಂಗಲ್ ಇರಬೇಕು.

ಇದೇ ಉಪಕರಣ ಇನ್ನೂ ಕೆಲವು ತಪ್ಪುಗಳನ್ನು ನಿಮಿಷದಲ್ಲಿ ಹಿಡಿಯುತ್ತದೆ. ಆರ್ಡುಯಿನೋ ಲೋರಾ ಲೈಬ್ರರಿಯ ಉದಾಹರಣೆಗಳಲ್ಲಿ ಫ್ರೀಕ್ವೆನ್ಸಿ 915 ಮೆಗಾಹರ್ಟ್ಸ್ ಎಂದಿರುತ್ತದೆ, ನಮ್ಮಲ್ಲಿ ಅದು ಮೊಬೈಲ್ ಫೋನುಗಳ ಜಾಗದ ಅಂಚು. ಹಾಗೆಯೇ ಬಿಡಬೇಡಿ. ಕರ್ಸರಿನಲ್ಲಿ ಒಂದು ಚರ್ಪ್ ಅಳೆದರೆ ಎಸ್‌ಎಫ್ ಗೊತ್ತಾಗುತ್ತದೆ: 125 ಕಿಲೋಹರ್ಟ್ಸ್ ಅಗಲಕ್ಕೆ 1.024 ಮಿಲಿಸೆಕೆಂಡ್ ಅಂದರೆ 7, 32.768 ಅಂದರೆ 12. ಪ್ರಿಯಾಂಬಲ್ ಏರುವ ಬದಲು ಇಳಿಯುತ್ತಿದ್ದರೆ ಐಕ್ಯೂ ತಿರುವುಮುರುವಾಗಿದೆ, ಅಂದರೆ ಸೆಟ್ಟಿಂಗಿನಲ್ಲಿ ಚರ್ಪಿನ ದಿಕ್ಕು ಉಲ್ಟಾ ಆಗಿದೆ. 433ಕ್ಕೆ ಮಾಡಿದ ಆಂಟೆನಾ 866ಕ್ಕೆ ಬಿದ್ದಿದೆಯೇ ಎಂದು ತಿಳಿಯಲು ಜಾಗ, ಗೇನ್ ಕದಲಿಸದೆ 8.2 ಸೆಂಟಿಮೀಟರಿನ ಬರಿ ತಂತಿ ಹಾಕಿ ಹೋಲಿಸಿ. ಸಿಂಕ್ ವರ್ಡ್ ತಪ್ಪಿದ್ದರೆ ಮಾತ್ರ ಕಣ್ಣಿಗೆ ಸುಲಭವಾಗಿ ತಿಳಿಯದು, ಅದನ್ನು ಕೋಡಿನಲ್ಲೇ ಹೋಲಿಸಬೇಕು.

ಎಲ್ಲ ಸರಿಯಿರುವ ದಿನವೇ 10 ಸೆಕೆಂಡಿನ ರೆಕಾರ್ಡಿಂಗ್ ಒಂದನ್ನು ತೆಗೆದಿಡಿ, ಸುಮಾರು 20 ಎಂಬಿ ಆಗುತ್ತದೆ. ಫೈಲಿನ ಹೆಸರಿನಲ್ಲೇ ತಾರೀಕು, ದೂರ, ಗೇನ್ ಇರಲಿ. ಮಳೆಗಾಲದಲ್ಲಿ ಆಂಟೆನಾ ಜೋಡಿಸುವ ಎಸ್‌ಎಂಎ ಕನೆಕ್ಟರಿಗೆ ನೀರಿಳಿದು ಸಿಗ್ನಲ್ ಕುಗ್ಗಿದಾಗ ಅದೇ ಜಾಗ, ಅದೇ ಗೇನಿನಲ್ಲಿ ಇನ್ನೊಂದು ತೆಗೆದು ಎರಡನ್ನೂ ಅಕ್ಕಪಕ್ಕ ತೆರೆಯಿರಿ.