ನಂದಿಬೆಟ್ಟದ ನೆರಳಲ್ಲಿ ಪುಟ್ಟ ಹಕ್ಕಿಗಳ ಫೋಟೊ: ಹೊರಡುವ ಮುನ್ನ ತಿಳಿದಿರಬೇಕಾದ್ದು

ನಂದಿಬೆಟ್ಟ ಹತ್ತಿದವರಲ್ಲಿ ಹೆಚ್ಚಿನವರು ನೇರ ಟಿಪ್ಪು ಡ್ರಾಪ್ ಎಂಬ ಕಡಿದಾದ ಬಂಡೆಯಂಚಿನ ಕಡೆ, ಸೂರ್ಯೋದಯ ನೋಡಲು ನಡೆಯುತ್ತಾರೆ. ಹಕ್ಕಿ ಬೇಕಾದವರು ಆ ದಾರಿ ಬಿಟ್ಟು ನೆಹರೂ ನಿಲಯ ಎಂಬ ಅತಿಥಿಗೃಹದ ಸುತ್ತಮುತ್ತ, ನರ್ಸರಿಯ ಆಸುಪಾಸಿನ ದೊಡ್ಡ ಮರಗಳ ಕೆಳಗೆ ಹೋಗಬೇಕು. ಬೆಟ್ಟದ ಎತ್ತರ 1,478 ಮೀಟರ್. ಸುತ್ತಲಿನ ಬಯಲು ಒಣಗಿ ನಿಂತಿದ್ದರೂ ನೆತ್ತಿಯಲ್ಲಿ ಮಂಜಿನ ತೇವ ಉಳಿಯುತ್ತದೆ, ಮರಗಳಡಿ ತರಗೆಲೆ ದಪ್ಪವಾಗಿ ಹಾಸಿರುತ್ತದೆ, ಆ ತರಗೆಲೆಯಲ್ಲಿ ಹುಳುಹುಪ್ಪಟೆ ಧಾರಾಳ. ಹಿಮಾಲಯದಲ್ಲಿ ಮರಿಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವ ಇಂಡಿಯನ್ ಬ್ಲೂ ರಾಬಿನ್, ಬ್ಲೂ ಕ್ಯಾಪ್ಡ್ ರಾಕ್ ಥ್ರಶ್‌ಗಳು ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲೇ ಸಿಗುವುದು ಈ ಕಾರಣಕ್ಕೆ.

ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಶನಿವಾರ, ಭಾನುವಾರ ಖಂಡಿತ ಬೇಡ. ಜನ ಹೆಚ್ಚಾದಷ್ಟೂ ನೆಲದ ಹಕ್ಕಿಗಳು ಪೊದೆಯೊಳಗೆ ಸೇರಿಬಿಡುತ್ತವೆ. ಗೇಟು ತೆರೆಯುವ ಸಮಯ, ವಾಹನಗಳ ನಿಯಮ ಆಗಾಗ ಬದಲಾಗುವುದರಿಂದ ಹಿಂದಿನ ದಿನವೇ ವಿಚಾರಿಸಿಕೊಳ್ಳಿ.

ಎಸಿ ಹಾಕಿಕೊಂಡು ಕಾರಿನಲ್ಲಿ ಬಂದವರಿಗೆ ಮೊದಲ ತೊಂದರೆ ಇಳಿದ ಕೂಡಲೇ ಶುರು. ತಣ್ಣಗಾದ ಲೆನ್ಸಿನ ಗಾಜಿನ ಮೇಲೆ ಮಂಜಿನ ತೇವ ಕೂತು ಮಬ್ಬಾಗುತ್ತದೆ. ಒರೆಸಿದರೆ ಮತ್ತೆ ಕೂರುತ್ತದೆ. ಬೆಟ್ಟದ ಬುಡದಲ್ಲೇ ಎಸಿ ನಿಲ್ಲಿಸಿ ಕಿಟಕಿ ಇಳಿಸಿ. ಮೇಲೆ ತಲುಪಿದ ಮೇಲೂ ಕ್ಯಾಮೆರಾವನ್ನು ಮುಚ್ಚಿದ ಚೀಲದಲ್ಲೇ ಕಾಲು ಗಂಟೆ ಬಿಟ್ಟು ಆಮೇಲೆ ಹೊರತೆಗೆಯಿರಿ. ದಟ್ಟ ಮಂಜಿನಲ್ಲಿ ಫೋಕಸ್ ಹಿಂದೆಮುಂದೆ ಅಲೆಯುತ್ತದೆ, ಸಿಕ್ಕರೂ ಚಿತ್ರ ಸಪ್ಪೆ. ಆ ಹೊತ್ತನ್ನು ಹಕ್ಕಿ ಎಲ್ಲೆಲ್ಲಿ ಕೂಗುತ್ತಿದೆ ಎಂದು ಕೇಳಿಸಿಕೊಳ್ಳಲು ಇಟ್ಟುಕೊಳ್ಳಿ. ಫೋಟೊಗೆ ಒದಗುವ ಬೆಳಕು ಸಾಮಾನ್ಯವಾಗಿ ಎಂಟರಿಂದ ಹತ್ತೂವರೆವರೆಗೆ.

ಲೆನ್ಸ್ ಎಷ್ಟು ಉದ್ದ ಬೇಕು ಎಂಬುದಕ್ಕಿಂತ ಹಕ್ಕಿಗೆ ಎಷ್ಟು ಹತ್ತಿರ ಇರುತ್ತೀರಿ ಎಂಬುದು ಮುಖ್ಯ. ಟಿಕೆಲ್ಸ್ ನೀಲಿ ನೊಣಹಿಡುಕ ಸುಮಾರು 14 ಸೆಂ.ಮೀ. ಇರುತ್ತದೆ. 1.5 ಪಟ್ಟಿನ ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾಗೆ 400 ಎಂ.ಎಂ. ಲೆನ್ಸ್ ಹಾಕಿದರೆ 6 ಮೀಟರ್ ದೂರದಲ್ಲಿ ಚೌಕಟ್ಟಿನ ಅಗಲ ಸುಮಾರು 35 ಸೆಂ.ಮೀ. ಹಕ್ಕಿ ಪಕ್ಕಕ್ಕೆ ತಿರುಗಿ ಕೂತರೆ ಅದರಲ್ಲಿ ಐದರಲ್ಲಿ ಎರಡು ಪಾಲು ತುಂಬುತ್ತದೆ. ಅದೇ 15 ಮೀಟರ್ ದೂರದಲ್ಲಿದ್ದರೆ ಆರನೇ ಒಂದು ಪಾಲು ಮಾತ್ರ. ಆಮೇಲೆ ಎಷ್ಟೇ ಕತ್ತರಿಸಿ ದೊಡ್ಡದು ಮಾಡಿದರೂ ಗರಿಗಳ ವಿವರ ಬರುವುದಿಲ್ಲ. 6 ಮೀಟರ್‌ನಲ್ಲಿ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಎಫ್/6.3 ಇಟ್ಟರೆ ಸ್ಪಷ್ಟವಾಗಿ ಮೂಡುವ ಆಳ ಐದಾರು ಸೆಂ.ಮೀ. ಅಷ್ಟೇ. ಆದ್ದರಿಂದ ಒಂದೇ ಫೋಕಸ್ ಬಿಂದು ಆರಿಸಿ ಕಣ್ಣಿನ ಮೇಲಿಡಿ. ಎದೆಯ ಮೇಲಿಟ್ಟರೆ ಕಣ್ಣು ಮಸುಕಾಗಬಹುದು. ಕಣ್ಣು ಮಸುಕಾದ ಚಿತ್ರವನ್ನು ಉಳಿಸಿಕೊಂಡು ಪ್ರಯೋಜನವಿಲ್ಲ.

ಮರದ ನೆರಳು ನೋಡಲು ಕಾಣುವುದಕ್ಕಿಂತ ಹೆಚ್ಚು ಕತ್ತಲು. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ರಿಂದ 6400ರವರೆಗೆ ಏರಿಸಲು ಹಿಂಜರಿಯಬೇಡಿ. ಕಾಳುಕಾಳಾಗಿ ಬಂದದ್ದನ್ನು ಮನೆಯಲ್ಲಿ ತಕ್ಕಮಟ್ಟಿಗೆ ಸರಿಮಾಡಬಹುದು, ಅಲುಗಿದ ಚಿತ್ರಕ್ಕೆ ಮದ್ದಿಲ್ಲ. ಸುಮ್ಮನೆ ಕೂತ ಹಕ್ಕಿಗೆ, ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ (ಕೈನಡುಕ ತಗ್ಗಿಸುವ ಸೌಲಭ್ಯ) ಇದ್ದರೆ, ಶಟರ್ ವೇಗ 1/320 ಸೆಕೆಂಡ್ ಸಾಕು. ಕುಣಿಯುವ ಬೀಸಣಿಗೆ ನೊಣಹಿಡುಕಕ್ಕೆ 1/1000ಕ್ಕಿಂತ ಕಡಿಮೆ ಬೇಡ. ಹಕ್ಕಿಯ ಹಿಂದೆ ಬಿಳಿ ಮಂಜೋ ಆಕಾಶವೋ ಇದ್ದರೆ ಎಕ್ಸ್‌ಪೋಶರ್ +1 ಮಾಡಿ, ಇಲ್ಲದಿದ್ದರೆ ಹಕ್ಕಿ ಕರಿ ನೆರಳಾಗಿ ಬರುತ್ತದೆ. ಟ್ರೈಪಾಡ್ ಇಲ್ಲಿ ಭಾರ ಮಾತ್ರ, ಅದನ್ನು ಬಿಡಿಸಿ ನಿಲ್ಲಿಸುವಷ್ಟರಲ್ಲಿ ಹಕ್ಕಿ ಹೋಗಿರುತ್ತದೆ. ಮೊನೊಪಾಡ್ ಒಂದಿದ್ದರೆ ತೋಳಿಗೆ ಆಸರೆ.

ಎಲ್ಲ ಹಕ್ಕಿಗೂ ಒಂದೇ ಉಪಾಯ ನಡೆಯುವುದಿಲ್ಲ. ನೊಣಹಿಡುಕ ಹಾರಿ ಹುಳ ಹಿಡಿದು ಅದೇ ಕೊಂಬೆಗೋ ಪಕ್ಕದ ಕೊಂಬೆಗೋ ಮರಳುತ್ತದೆ. ಅದು ಹಾರಿದಾಗ ಬೆನ್ನಟ್ಟದೆ, ಖಾಲಿ ಕೊಂಬೆಗೆ ಫೋಕಸ್ ಇಟ್ಟು ನಿಲ್ಲಿ. ರಾಕ್ ಥ್ರಶ್ ನಡುಎತ್ತರದ ಅಡ್ಡಕೊಂಬೆಯಲ್ಲಿ ಅಲುಗದೆ ಕೂರುವುದರಿಂದ ಕಣ್ಣಿಗೇ ಬೀಳುವುದಿಲ್ಲ. ನೆಲಕ್ಕೆ ಧುಮುಕಿದಾಗ ಗಂಡಿನ ರೆಕ್ಕೆಯ ಬಿಳಿ ಮಚ್ಚೆ ಮಿಂಚುತ್ತದೆ, ಅದನ್ನು ಗುರುತಿಟ್ಟುಕೊಳ್ಳಿ. ಬ್ಲೂ ರಾಬಿನ್ ತರಗೆಲೆಯಲ್ಲೇ ಓಡಾಡುವ ಹಕ್ಕಿ. ನಿಂತು ಮೇಲಿನಿಂದ ತೆಗೆದರೆ ಬೆನ್ನು ಮತ್ತು ಎಲೆರಾಶಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಕಾಲುದಾರಿಯ ಅಂಚಿನಲ್ಲಿ ಮರಕ್ಕೊರಗಿ ನೆಲದ ಮೇಲೆ ಕೂತು, ಕ್ಯಾಮೆರಾವನ್ನು ಮೊಣಕಾಲ ಮೇಲಿಟ್ಟು ಇಪ್ಪತ್ತು ನಿಮಿಷ ಅಲುಗದಿರಿ. ಎಷ್ಟೋ ಸಲ ಹಕ್ಕಿಯೇ ಹತ್ತಿರ ಬರುತ್ತದೆ. ಈ ಇಪ್ಪತ್ತು ನಿಮಿಷ ಕೂರಲಾರದವರೇ ಹೆಚ್ಚು, ಎರಡು ಗಂಟೆ ಸುತ್ತಾಡಿಯೂ ಬರಿಗೈಲಿ ಮರಳುವವರೂ ಅವರೇ. ಬೆಳ್ಗಣ್ಣ (ವೈಟ್ ಐ), ಚೇಕಡಿ (ಟಿಟ್), ಎಲೆ ಉಲಿಯಕ್ಕಿಗಳು (ಲೀಫ್ ವಾರ್ಬ್ಲರ್) ಗುಂಪುಗೂಡಿ ಬೇಟೆಯಾಡುತ್ತ ಸಾಗುತ್ತವೆ. ಗುಂಪು ಯಾವ ದಿಕ್ಕಿಗೆ ಹೋಗುತ್ತಿದೆ ನೋಡಿ, ಸುತ್ತುಹಾಕಿ ಎರಡು ಮರ ಮುಂದೆ ಹೋಗಿ ನಿಂತರೆ ಅವು ಎದುರಿಗೇ ಬರುತ್ತವೆ. ಉಲಿಯಕ್ಕಿಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತೀರ ಕಡಿಮೆ. ಚಿತ್ರ ಚೆನ್ನಾಗಿಲ್ಲದಿದ್ದರೂ ಹುಬ್ಬುಗೆರೆ, ರೆಕ್ಕೆಪಟ್ಟಿ, ಬಾಲದಡಿಯ ಬಣ್ಣ ಕಾಣುವಂತೆ ಮೂರ್ನಾಲ್ಕು ಕೋನದಲ್ಲಿ ತೆಗೆದಿಡಿ, ಗುರುತಿಸಲು ಅವೇ ಆಧಾರ.

ಹಳದಿ ಕತ್ತಿನ ಪಿಕಳಾರವನ್ನು ನೆರಳಿನಲ್ಲಿ ಹುಡುಕಬೇಡಿ. ಅದು ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಮಾತ್ರ ಇರುವ, ಅಳಿವಿನ ಅಪಾಯದ ಪಟ್ಟಿಯಲ್ಲಿರುವ ಹಕ್ಕಿ. ಬಂಡೆ ಮತ್ತು ಕುರುಚಲು ಪೊದೆ ಸೇರುವ ಇಳಿಜಾರಿನಲ್ಲಿ, ಹಣ್ಣು ಬಿಟ್ಟ ಗಿಡಗಳನ್ನು ಗಮನಿಸಿ. ಕಂಡರೂ ಬಂಡೆಯಂಚಿಗೆ ಹೋಗಿ ನಿಲ್ಲಬೇಡಿ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ಒಂದು ಹೆಜ್ಜೆಯನ್ನೂ ಇಡಕೂಡದು.

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು, ಹುಳ ಎಸೆದು ಸೆಳೆಯುವುದು, ಗೂಡಿನ ಬಳಿ ಕೂರುವುದು ಮಾಡಬೇಡಿ. ಸಾವಿರಾರು ಕಿ.ಮೀ. ಹಾರಿ ಬಂದ ಹತ್ತಿಪ್ಪತ್ತು ಗ್ರಾಂ ಜೀವ, ಆ ಕೂಗು ಕೇಳಿ ಇಲ್ಲದ ಎದುರಾಳಿಯನ್ನು ಓಡಿಸಲು ತಿನ್ನುವ ಹೊತ್ತನ್ನೆಲ್ಲ ಕಳೆದುಕೊಳ್ಳುತ್ತದೆ. ಎಲೆ ಅಡ್ಡ ಬಂತೆಂದು ಕೊಂಬೆ ಮುರಿಯುವುದೂ ಅಷ್ಟೇ ತಪ್ಪು.

ಕೋತಿಗಳ ವಿಷಯ ಮರೆಯಬಾರದು. ಪ್ಲಾಸ್ಟಿಕ್ ಕವರಿನ ಸದ್ದಾದರೆ ಸಾಕು, ಚೀಲಕ್ಕೇ ಕೈ ಹಾಕುತ್ತವೆ. ತಿಂಡಿಯನ್ನು ಕಾರಿನಲ್ಲೇ ಬಿಡಿ, ಕ್ಯಾಮೆರಾ ಚೀಲದ ಜಿಪ್ ಪೂರ್ತಿ ಎಳೆದಿರಿ, ನೆಲದ ಮೇಲೆ ಕೂರುವಾಗ ಚೀಲದ ಪಟ್ಟಿ ತೋಳಿಗೆ ಸಿಕ್ಕಿಸಿಕೊಳ್ಳಿ. ನೀರಿನ ಬಾಟಲಿ ಚೀಲದೊಳಗಿರಲಿ. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಇನ್ನೊಂದನ್ನು ಒಳಜೇಬಿನಲ್ಲಿ, ಮೈಶಾಖಕ್ಕೆ ತಾಗುವಂತೆ ಇಟ್ಟುಕೊಳ್ಳಿ.